ಬಿಟ್ಟು ಓದಿದ ಸಾಲು

ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯ ಜಗಲಿಯ ಮೇಲೆ, ಮಡಚಿಟ್ಟ ದಿನಪತ್ರಿಕೆಯ ಮಗ್ಗುಲಲ್ಲಿ, ಒಂದು ಪುಟ್ಟ ಬಟ್ಟಲುಂಟು. ಬಟ್ಟಲಿನೊಳಗೆ ನೀರಿನಲ್ಲಿ ನೆನೆದ ಸ್ಪಂಜಿನ ತುಂಡು. ಹಿಂದೆ ಅಂಚೆ ಕಚೇರಿಗಳಲ್ಲಿ ಸ್ಟಾಂಪು ಒದ್ದೆ ಮಾಡಲು ಇಡುತ್ತಿದ್ದರಲ್ಲ, ಅಂಥದ್ದೇ. ಮೂವತ್ತು ವರ್ಷ ಹೈಸ್ಕೂಲಿನ ಗುಮಾಸ್ತನಾಗಿ ಹಾಜರಿ ಪುಸ್ತಕಗಳ ನಡುವೆ ಬದುಕಿದ ನನಗೆ, ಬೆರಳನ್ನು ನಾಲಿಗೆಗೆ ತಾಗಿಸದೆ ಹಾಳೆ ತಿರುವಲು ಬರುತ್ತಿರಲಿಲ್ಲ. ಹೆಂಡತಿ ಬೈದಳು, ಮಗಳು ಮೂಗು ಮುರಿದಳು, ಅಭ್ಯಾಸ ಮಾತ್ರ ಜಗ್ಗಲಿಲ್ಲ. ಕಳೆದ ವರ್ಷ ಆ ಬಟ್ಟಲು ಏಕಾಏಕಿ ಅಲ್ಲಿ ಕಾಣಿಸಿಕೊಂಡಾಗ, ಅದು ನನ್ನ ಗುಮಾಸ್ತಗಿರಿಗೆ ತಡವಾಗಿ ಸಂದ ಮರ್ಯಾದೆಯೆಂದು ತಿಳಿದು ಒಳಗೊಳಗೇ ಬೀಗಿದೆನೆಂದು ಹೇಳಿದರೆ ನೀವು ನಗಬಾರದು.

ಆ ಜಗಲಿ ವಿಠಲಣ್ಣನದು. ಬಹುಕಾಲ ಕಡಲಿಗೆ ಹೋದವರು, ಬೋಟಿನ ತಾಂಡೇಲರಾಗಿ ಚುಕ್ಕಾಣಿ ಹಿಡಿದು ಹತ್ತಾರು ಜನರನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದವರು. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ತೆಗೆದುಕೊಂಡಿತು. ಇಂಜಿನ್ನಿನ ಹೊಗೆಯೂ ಬೀಡಿಯ ಹೊಗೆಯೂ ಸೇರಿ ಶ್ವಾಸಕೋಶವನ್ನು ಅರ್ಧಕ್ಕೆ ಇಳಿಸಿದವು. ಈಗ ಅವರಿಗೆ ಲೋಕವೆಂದರೆ ಬೆಳಗಿನ ಏಳೂವರೆಗೆ ನಾನು ಓದಿ ಹೇಳುವ ಪತ್ರಿಕೆ. ಮೊದಲು ಹವಾಮಾನ, ಆಮೇಲೆ ಬಂದರಿನ ಸುದ್ದಿ, ಆಮೇಲೆ ರಾಜಕೀಯದವರ ಜಗಳ, ಕಟ್ಟಕಡೆಗೆ ನಿಧನ ವಾರ್ತೆ. ನನ್ನನ್ನು ಅವರು ‘ಮಾಸ್ಟ್ರೇ’ ಎಂದು ಕರೆಯುತ್ತಾರೆ. ಒಂದು ದಿನವೂ ಪಾಠ ಮಾಡದವನಾದರೂ ಇಷ್ಟು ವರ್ಷಗಳಲ್ಲಿ ನಾನದನ್ನು ತಿದ್ದಿಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲಿ. ಮನೆಯೊಳಗೆ ಕೊಂಕಣಿಯಾಡುವ ನಾನು ಅವರ ಜಗಲಿ ಹತ್ತುತ್ತಲೇ ತುಳುವಿಗೆ ಹೊರಳುತ್ತೇನೆ. ಇಲ್ಲಿ ನಿಮಗಾಗಿ ಅದನ್ನು ಕನ್ನಡಕ್ಕೆ ತಂದಿದ್ದೇನೆ.

ಇನ್ನೊಬ್ಬರಿಗಾಗಿ ಓದುವವನಿಗೆ ಒಂದು ಗುಟ್ಟಿನ ಅಧಿಕಾರ ಇರುತ್ತದೆ: ಬೇಡವೆನಿಸಿದ್ದನ್ನು ಬಿಡುವ ಅಧಿಕಾರ. ನಿಧನ ವಾರ್ತೆಯಲ್ಲಿ ವಿಠಲಣ್ಣನ ಓರಗೆಯವರು, ಅವರೊಡನೆ ಬಲೆ ಎಳೆದವರು ಕಂಡರೆ ನಾನು ಮೆಲ್ಲನೆ ದಾಟಿಬಿಡುತ್ತಿದ್ದೆ. ಬೆಳಗಿನ ಚಹಾದ ಹೊತ್ತಿಗೆ ಒಬ್ಬ ಗೆಳೆಯನನ್ನು ಕಳೆದುಕೊಳ್ಳುವುದು ಅವರಿಗೆ ಏಕೆ ಬೇಕು ಎಂಬುದು ನನ್ನ ಲೆಕ್ಕಾಚಾರ. ಸ್ವರದಲ್ಲಿ ಏರುಪೇರಿಲ್ಲದಂತೆ ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುವ ನನ್ನ ಕೈಚಳಕದ ಬಗ್ಗೆ ನನಗೆ ಕೊಂಚ ಹೆಮ್ಮೆಯೂ ಇತ್ತು.

ಕಳೆದ ಮಳೆಗಾಲದಲ್ಲಿ ನನಗೆ ಶೀತವಾಯಿತು. ಬರೀ ಶೀತ, ಎಂದುಕೊಂಡೆ. ಬೆಳ್ಮಣ್ಣಿನ ಅಕ್ಕ ಕಳಿಸಿದ ಕಾಳುಮೆಣಸಿನ ಕಷಾಯ ಕುಡಿದು, ಕರವಸ್ತ್ರವನ್ನು ಕಿಸೆಗೆ ತುರುಕಿಕೊಂಡು, ಮೂಗೆಳೆಯುತ್ತಲೇ ಹೋಗಿ ಮೂರು ದಿನ ಓದಿದೆ. ಹಾಳೆ ಹಾಳೆಗೂ ನಾಲಿಗೆಗೆ ಬೆರಳು. ಆ ವಾರ ಮುಗಿಯುವುದರೊಳಗೆ ವಿಠಲಣ್ಣನಿಗೆ ಜ್ವರ ಬಂದಿತು, ಉಸಿರು ಸಿಗದಾಯಿತು, ಆಂಬ್ಯುಲೆನ್ಸು ಅವರನ್ನು ಮಣಿಪಾಲಕ್ಕೆ ಒಯ್ದಿತು. ಹನ್ನೊಂದು ದಿನ ಅವರು ಆಮ್ಲಜನಕದ ಕೊಳವೆ ಹಿಡಿದು ಮಲಗಿದರು. ಪರೀಕ್ಷೆ ಮಾಡಿದವರು ಫ್ಲೂ ಎಂದರು. ನನ್ನ ಶೀತವೇ ಅವರಲ್ಲಿಗೆ ಹೋಯಿತೆನ್ನಲು ಪುರಾವೆಯಿಲ್ಲ, ಹೋಗಲಿಲ್ಲವೆನ್ನಲೂ ಇಲ್ಲ.

ಅವರು ಮನೆಗೆ ಮರಳಿದ ಮೇಲೂ ನಾನು ಆ ಕಡೆ ತಲೆ ಹಾಕಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಕೊನೆಗೆ ಅವರ ಹೆಂಡತಿ ಸುಶೀಲಕ್ಕನೇ ನಮ್ಮ ಗೇಟಿನ ತನಕ ಬಂದರು.

“ಎಂತ ಮಾಸ್ಟ್ರೇ, ಕೋಪವಾ? ಬಂದ ಪೇಪರೆಲ್ಲ ಇವರು ಹಾಗೇ ಮಡಚಿ ಇಡಿಸಿದ್ದಾರೆ. ನೀವು ಬಂದೇ ಓದಬೇಕಂತೆ.”

ಹೋದೆ. ಹಳಸಿದ ಸುದ್ದಿಗಳನ್ನೆಲ್ಲ, ಆಗಲೇ ಸುರಿದು ಮುಗಿದ ಮಳೆಯ ಮುನ್ಸೂಚನೆಗಳನ್ನೂ ಸೇರಿಸಿ, ಸಾಲಾಗಿ ಓದಿದೆ. ನಾನು ಬೀಗಿದ ಆ ಸ್ಪಂಜಿನ ಬಟ್ಟಲು ಮೊದಲು ಕಣ್ಣಿಗೆ ಬಿದ್ದದ್ದು ಅದೇ ದಿನ. “ನಿಮ್ಮ ಬೆರಳಿಗೆ ಸುಲಭ ಆಗ್ಲಿ ಅಂತ,” ಎಂದಷ್ಟೇ ಹೇಳಿದರು ವಿಠಲಣ್ಣ.

ಈ ಮೇ ತಿಂಗಳ ಒಂದು ಬೆಳಿಗ್ಗೆ ಅವರು ಆಸ್ಪತ್ರೆಯ ಫೈಲನ್ನು ನನ್ನ ಮಡಿಲಲ್ಲಿಟ್ಟು, ಮುಂದಿನ ತಪಾಸಣೆ ಯಾವಾಗ ನೋಡಿ, ಹಾಗೇ ಪೂರ್ತಿ ಓದಿ ಎಂದರು. ಇಂಗ್ಲಿಷಿನದನ್ನು ತುಳುವಿಗೆ ತಿರುಗಿಸುತ್ತ ಓದಿಕೊಂಡು ಹೋದೆ: ಮಾತ್ರೆಗಳು, ಪಥ್ಯ, ಬೀಡಿ ಕೂಡದು. ಕೊನೆಯಲ್ಲಿ ವೈದ್ಯರ ಕೈಬರಹದ ಒಂದು ಸಾಲಿತ್ತು. ಪ್ರತಿವರ್ಷ ಫ್ಲೂ ಲಸಿಕೆ. ರೋಗಿಗೆ, ಮತ್ತು ದಿನವೂ ಅವರ ಹತ್ತಿರ ಇರುವವರಿಗೆ. ನನ್ನ ಕಣ್ಣು ಅಲ್ಲಿ ತಡೆಯಿತು, ನಾಲಿಗೆ ತನ್ನ ಹಳೆಯ ಚಳಕದಿಂದ ದಾಟಿತು.

“ಒಂದು ಸಾಲು ಬಿಟ್ಟಿರಲ್ಲ ಮಾಸ್ಟ್ರೇ?”

ಇಲ್ಲವಲ್ಲ, ಎಂದೆ.

“ಇರಲಿ ಮಾರಾಯ್ರೆ. ಅದನ್ನು ಡಾಕ್ಟ್ರು ಅಲ್ಲೇ ಬಾಯಲ್ಲಿ ಹೇಳಿದ್ದಾರೆ. ನಾನೂ ಚುಚ್ಚಿಸಿಕೊಂಡೆ, ಸುಶೀಲಳೂ ಚುಚ್ಚಿಸಿಕೊಂಡಳು. ನಿಮಗೆ ನಾನೇ ಹೇಳಲಿಲ್ಲ. ಕೊರೋನಾದ ಸಮಯ ಲಸಿಕೆಗೆ ನನ್ನ ಕೈ ಹಿಡಿದು ಕರ್ಕೊಂಡು ಹೋದದ್ದು ನೀವಲ್ವಾ? ನಿಮ್ಮ ಕೈ ಎಷ್ಟು ನಡುಗ್ತಿತ್ತು ಅಂತ ನನಗೆ ಗೊತ್ತುಂಟು.”

ಅರುವತ್ತನಾಲ್ಕು ವರ್ಷದ ನಾನು, ಮೀಸೆ ಹೊತ್ತ ಗಂಡಸು, ಸೂಜಿಗೆ ಹೆದರುತ್ತೇನೆಂಬುದು ನನ್ನ ಹೆಂಡತಿಗೆ ಸಹ ಸರಿಯಾಗಿ ತಿಳಿಯದು. ಗಟ್ಟಿ ಜೀವಕ್ಕೆ ಮದ್ದೇಕೆ, ಚುಚ್ಚಿಸಿಕೊಳ್ಳಲು ನಾನೇನು ದರ್ಜಿಯ ಸೂಜಿದಿಂಬೇ ಎಂದೆಲ್ಲ ತತ್ತ್ವ ಹೇಳಿಕೊಂಡು ತಿರುಗಿದವನು. ಫೈಲನ್ನು ಮುಚ್ಚಿದೆ. ವಿಠಲಣ್ಣ ಮೆಲ್ಲನೆ ನಕ್ಕರು.

“ನೀವು ಬಿಟ್ಟದ್ದು ಇದೊಂದೇಯಾ? ನನ್ನ ಜೊತೆ ಬೋಟಲ್ಲಿದ್ದವರೆಲ್ಲ ನಿಮ್ಮ ಪೇಪರಿನಲ್ಲಿ ಇನ್ನೂ ಬದುಕಿದ್ದಾರೆ. ಬಂದವರು ಹೇಳ್ತಾರಲ್ಲ, ಇಂಥವನು ಹೋದ ಅಂತ. ನೀವು ಓದ್ಲಿಲ್ಲ ಅಂದ್ರೆ ನನಗೆ ಬೇಸರ ಆಗ್ಬಾರ್ದು ಅಂತ ಬಿಟ್ಟಿದ್ದೀರಿ ಅಂತ ಗೊತ್ತಾಗ್ತದೆ.”

ಆ ಗಳಿಗೆಯಲ್ಲಿ ನನಗೆ ಬಟ್ಟಲಿನ ಅರ್ಥವೂ ಆಯಿತು. ನನ್ನ ಎಂಜಲು ಬೆರಳನ್ನು ಕಾಣಲಾರದ ಮನುಷ್ಯ, ಅದರ ಸಪ್ಪಳವನ್ನು ಮಾತ್ರ ಕೇಳುತ್ತಿದ್ದ ಮನುಷ್ಯ, ಹನ್ನೊಂದು ದಿನ ಉಸಿರಿಗಾಗಿ ಒದ್ದಾಡಿ ಬಂದ ಮೇಲೆ ನನಗೊಂದು ಮಾತನ್ನೂ ಹೇಳದೆ, ಹೆಂಡತಿಯ ಕೈಯಿಂದ ಒಂದು ಬಟ್ಟಲು ನೀರು ಇಡಿಸಿದ್ದರು. ನಾನು ಅವರಿಂದ ಮುಚ್ಚಿಟ್ಟದ್ದಕ್ಕಿಂತ ಹೆಚ್ಚನ್ನು ಅವರು ನನಗಾಗಿ ಮುಚ್ಚಿಟ್ಟಿದ್ದರು.

ಹಾಗಾದರೆ ನಾನು ಬರುವುದನ್ನೇ ನಿಲ್ಲಿಸುತ್ತೇನೆ, ಅಪಾಯವೇ ಬೇಡ, ಎಂದೆ. ನಿಜ ಹೇಳಬೇಕೆಂದರೆ ಅದರಲ್ಲೂ ಸೂಜಿಯಿಂದ ತಪ್ಪಿಸಿಕೊಳ್ಳುವ ಆಸೆಯೊಂದು ಅಡಗಿತ್ತು. ವಿಠಲಣ್ಣನ ನಗು ನಿಂತಿತು. ಕೈ ಚಾಚಿ, ತಡಕಾಡಿ, ನನ್ನ ಮೊಣಕೈ ಹಿಡಿದರು.

“ಚುಚ್ಚುಮದ್ದು ಬೇಕಾದ್ರೆ ಬಿಡಿ. ಪೇಪರ್ ಬಿಡಬೇಡಿ.”

ಮರುದಿನವೇ ಮಣಿಪಾಲದ ಬಸ್ಸು ಹತ್ತಿದೆ. ಕಡಲು ಮೊರೆಯುವಾಗ ಚುಕ್ಕಾಣಿ ಹಿಡಿದ ಮನುಷ್ಯ, ನನ್ನ ಓದಿಗಾಗಿ ತನ್ನ ಉಳಿದ ಅರ್ಧ ಉಸಿರನ್ನು ಪಣಕ್ಕಿಡಲು ಸಿದ್ಧವಿರುವಾಗ ನಾನು ಒಂದು ಸೂಜಿಯ ಮೊನೆಗೆ ಹಿಂಜರಿಯುವುದೇ? ಹೀಗೆ ಧೈರ್ಯ ತುಂಬಿಕೊಂಡು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಕಣ್ಣು ಬಿಗಿಯಾಗಿ ಮುಚ್ಚಿದೆ. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. “ಆಯ್ತು ಅಂಕಲ್, ಆಗ್ಲೇ ಆಯ್ತು, ಏಳಿ,” ಎಂದಳು ನರ್ಸ್ ಹುಡುಗಿ. ಪ್ರತಿವರ್ಷ ಏಕಮ್ಮ ಎಂದು ಕೇಳಿದೆ. ವೈರಸ್ಸು ಬದಲಾಗುತ್ತಾ ಇರುತ್ತದೆ, ಹಳೆಯ ಲಸಿಕೆಯ ಬಲವೂ ಕುಂದುತ್ತದೆ ಎಂದಳು. ಪತ್ರಿಕೆ ಓದುವವನಿಗೆ ಇದು ಅರ್ಥವಾಗದ ಮಾತಲ್ಲ. ನಿನ್ನೆಯ ಪತ್ರಿಕೆಯಿಂದ ಇಂದಿನ ಹವೆ ತಿಳಿಯುವುದಿಲ್ಲವಲ್ಲ. ಲಸಿಕೆ ಹಾಕಿಸಿಕೊಂಡರೂ ಫ್ಲೂ ಬರಬಹುದು, ಶೀತವಾದರೆ ಅವರ ಹತ್ತಿರ ಹೋಗಲೇಬೇಡಿ, ಇದು ಮೈಗೆ ಹತ್ತಲು ಎರಡು ವಾರ ಬೇಕು ಎಂದೂ ಎಚ್ಚರಿಸಿದಳು.

ಆ ಎರಡು ವಾರ ನಾನು ಜಗಲಿಯ ಕೆಳಗೆ, ದಾಸವಾಳದ ಗಿಡದ ಬುಡದಲ್ಲಿ ಕುರ್ಚಿ ಹಾಕಿಕೊಂಡು, ರಸ್ತೆಗೆಲ್ಲ ಕೇಳುವಂತೆ ಓದಿದೆ. ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರು ನಿಂತು ಹವಾಮಾನ ಕೇಳಿಕೊಂಡು ಹೋದರು.

ಇಂದು ಮತ್ತೆ ಜಗಲಿ ಹತ್ತಿದೆ. ಬಟ್ಟಲನ್ನು ನಾನೇ ತೊಳೆದು, ಬಾವಿಯ ನೀರು ತುಂಬಿಸಿ ಇಟ್ಟೆ. ಇಷ್ಟು ದಿನ ನನ್ನ ಹೆಮ್ಮೆಗಾಗಿ ಅಲ್ಲಿದ್ದ ಆ ವಸ್ತುವನ್ನು ಮುಟ್ಟುವಾಗ ಈಗ ನನ್ನ ಮನಸ್ಸು ತುಂಬಿ ಬರುತ್ತದೆ. ಬದುಕಿನಲ್ಲಿ ಯಾರೂ ನನ್ನನ್ನು ಇಷ್ಟು ಮೃದುವಾಗಿ ತಿದ್ದಿರಲಿಲ್ಲ. ನಿಧನ ವಾರ್ತೆಯ ಪುಟಕ್ಕೆ ಬಂದೆ. ಅವರ ಬೋಟಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬರ ಹೆಸರಿತ್ತು. ಒಂದಕ್ಷರ ಬಿಡದೆ ಓದಿದೆ. ವಿಠಲಣ್ಣ ಆತ ಮಾಡುತ್ತಿದ್ದ ಬಂಗುಡೆ ಸಾರಿನ ರುಚಿಯನ್ನು ವಿವರವಾಗಿ ಹೇಳಿದರು. ನಾನು ಕೇಳಿಸಿಕೊಂಡೆ.

ಆಮೇಲೆ ಮಾತು ತಿರುಗಿಸಲು, “ಮುಂದಿನ ವರ್ಷವೂ ಚುಚ್ಚಿಸಿಕೊಳ್ಳಬೇಕಂತೆ ವಿಠಲಣ್ಣ,” ಎಂದು ಗೊಣಗಿದೆ.

“ಹೌದಾ?” ಅವರ ಮುಖ ನನ್ನ ದನಿಯ ಕಡೆಗೆ ಹೊರಳಿತು. “ಹಾಗಾದ್ರೆ ಮುಂದಿನ ವರ್ಷವೂ ಓದ್ತೀರಿ ಅಂತಾಯ್ತು.”

ನಾನು ಸ್ಪಂಜಿಗೆ ಬೆರಳು ತಾಗಿಸಿ ಹಾಳೆ ತಿರುವಿದೆ.