ಅಕ್ಕನ ಕೊಸರು ಚೀಲ

ಮೊನ್ನೆ ಕೊಳ್ಳೇಗಾಲದ ಅಂಗಡಿಯೊಂದರಲ್ಲಿ ಒಂದು ಕಿಲೋ ತೊಗರಿಬೇಳೆ ಕೇಳಿದೆ. ಅಂಗಡಿಯಾಕೆ ಮೊಗೆದು ಎಲೆಕ್ಟ್ರಾನಿಕ್ ತಕ್ಕಡಿಗೆ ಸುರಿದಳು. ಕೆಂಪು ಅಂಕಿಗಳು ಓಡಿ, ಒಂದು ಕಿಲೋ ದಾಟಿ, ಆರು ಗ್ರಾಂ ಮುಂದೆ ಹೋಗಿ ನಿಂತವು. ಆಕೆ ಎರಡು ಬೆರಳಲ್ಲಿ ಒಂದು ಚಿಟಿಕೆ ಬೇಳೆ ಎತ್ತಿ ಮೂಟೆಗೆ ಹಾಕಿದಳು. ಇನ್ನೂ ಎರಡು ಗ್ರಾಂ ಹೆಚ್ಚಿತ್ತು. ಮತ್ತೊಂದಿಷ್ಟು ಕಾಳು ಎತ್ತಿದಳು. ಸಿಟ್ಟು ಬರಬೇಕಾದ್ದೇನೂ ಅದರಲ್ಲಿರಲಿಲ್ಲ, ಕೇಳಿದಷ್ಟನ್ನು ಕೊಟ್ಟಿದ್ದಳು. ಆದರೆ ಅವಳು ಬೇಳೆ ಸುರಿದ ಮೇಲೂ ನನ್ನ ಕೈ ಚೀಲದ ಬಾಯಿಯನ್ನು ಹಾಗೇ ತೆರೆದು ಹಿಡಿದುಕೊಂಡಿತ್ತು.

"ಇನ್ನೇನಾದ್ರೂ ಬೇಕಾ ಮೇಡಂ?" ಅಂದಳು.

ಬೇಡ ಎಂದು ಚೀಲ ಮುಚ್ಚಿಕೊಂಡೆ.

ಚೀಲದ ಬಾಯಿ ತೆರೆದು ಹಿಡಿಯುವುದನ್ನು ನನಗೆ ಕಲಿಸಿದವಳು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ದೊಡ್ಡಣ್ಣನ ಹೆಂಡತಿ, ಸಿದ್ದಮ್ಮ. ಮಾಂಬಳ್ಳಿಯ ಆ ಮನೆಗೆ ನಾನು ಮೂರನೆಯ ಸೊಸೆಯಾಗಿ ಬಂದಾಗ ಅಲ್ಲಿ ಹದಿನಾರು ಜನ ಉಣ್ಣುತ್ತಿದ್ದರು. ಹದಿನಾರು ಎಂದು ಬರೆದ ಮೇಲೆ ಬೆರಳು ಮಡಿಸಿ ಎಣಿಸಿ ನೋಡಿದೆ, ಹದಿನೈದೇ ಬರುತ್ತದೆ. ಯಾರನ್ನೋ ಮರೆತಿದ್ದೇನೆ, ಇಲ್ಲವೆ ಇಲ್ಲದ ಒಬ್ಬರನ್ನು ಸೇರಿಸಿಕೊಂಡು ಇಷ್ಟು ವರ್ಷ ಹೇಳುತ್ತಾ ಬಂದಿದ್ದೇನೆ. ನನ್ನ ನೆನಪನ್ನು ಎಷ್ಟು ನಂಬಬಹುದು ಎಂಬುದು ನಿಮಗೆ ಇಲ್ಲೇ ಗೊತ್ತಾಗಿಬಿಡಲಿ.

ದೊಡ್ಡ ಭಾವ ಗಾರೆ ಕೆಲಸ ಮಾಡುತ್ತಿದ್ದರು. ಎರಡನೆಯವರು ಬೇರೆಯವರ ಟೆಂಪೋ ಓಡಿಸುತ್ತಿದ್ದರು. ನನ್ನ ಗಂಡ ಒಂದು ಶಾಲೆಯಲ್ಲಿ ಗುಮಾಸ್ತ. ಅಕ್ಕಿ, ರಾಗಿ ಗದ್ದೆ ಹೊಲದಿಂದ ಒಂದಿಷ್ಟು, ರೇಷನ್ ಅಂಗಡಿಯಿಂದ ಒಂದಿಷ್ಟು ಬರುತ್ತಿತ್ತು. ಉಳಿದ ಸಾಮಾನಿಗೆ ವಾರಕ್ಕೊಮ್ಮೆ ಕೊಳ್ಳೇಗಾಲ. ಯಳಂದೂರಿಗೂ ಬಸ್ಸಿತ್ತು, ಆದರೆ ಕೊಳ್ಳೇಗಾಲದಲ್ಲಿ ಎಣ್ಣೆ ಅಗ್ಗ ಎಂಬುದು ಅತ್ತೆಯ ನಂಬಿಕೆ. ಅದು ಯಾವ ಕಾಲದ ಮಾತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಕ್ಕನಿಗೆ ಓದು ಬರಹ ಬಾರದು. ಸಾಮಾನಿನ ಪಟ್ಟಿ ಅವಳ ತಲೆಯಲ್ಲಿ ಬೈಗುಳದ ಕ್ರಮದಲ್ಲಿತ್ತು. ಕಾಫಿಪುಡಿ ಮುಗಿದರೆ ಬಯ್ಯುವವರು ಮಾವ, ಕಡಲೆಕಾಯಿ ಎಣ್ಣೆಗೆ ಅತ್ತೆ, ಬಟ್ಟೆ ಸೋಪಿಗೆ ಎರಡನೆಯ ಸೊಸೆ. ಯಾರೂ ಬಯ್ಯದಿದ್ದ ಉಪ್ಪನ್ನು ಮಾತ್ರ ಆಗಾಗ ಮರೆಯುತ್ತಿದ್ದಳು. ಭಾರ ಹೊರಲು ಜೊತೆಗೊಬ್ಬರು ಬೇಕೆಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು.

ನಾವು ಸಾಮಾನು ಕೊಳ್ಳುತ್ತಿದ್ದ ಸೆಟ್ಟರ ಅಂಗಡಿಯಲ್ಲಿ ಆಗ ಕಲ್ಲಿಟ್ಟು ತೂಗುವ ತಕ್ಕಡಿ. ತೂಕ ಮುಗಿದ ಮೇಲೆ ಅಂಗಡಿಯವರು ಖುಷಿಯಿಂದ ಹಾಕುವ ಇನ್ನೊಂದು ಹಿಡಿಯೇ ಕೊಸರು. ಎಲ್ಲರೂ ಅದನ್ನು ಕೇಳಿ ಪಡೆಯುತ್ತಿದ್ದರು. ಅಕ್ಕ ಕೇಳುತ್ತಿರಲಿಲ್ಲ. ತೂಗಿದ್ದನ್ನು ಪೊಟ್ಟಣ ಕಟ್ಟಿಸಿ ದೊಡ್ಡ ಚೀಲಕ್ಕೆ ಹಾಕಿಸಿ, ಅದರ ಬಾಯಿ ಕಟ್ಟಿ ಪಕ್ಕಕ್ಕಿಟ್ಟು, ಸೊಂಟದಿಂದ ಒಂದು ಸಣ್ಣ ಬಟ್ಟೆ ಚೀಲ ತೆಗೆದು ಅದರ ಬಾಯಿ ತೆರೆದು ಹಿಡಿಯುತ್ತಿದ್ದಳು. ಅಷ್ಟೇ. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಕದಲುತ್ತಿರಲಿಲ್ಲ.

"ಇನ್ನೇನವ್ವಾ, ತಕ್ಕಡೀನೂ ಆಕ್ಬುಡ್ಲಾ?" ಅನ್ನುತ್ತಿದ್ದರು ಸೆಟ್ಟರು.

"ಅದು ನಿಮ್ಗೇ ಬೇಕಾಯ್ತದೆ ಕಣಪ್ಪ. ನಾಳೆ ಬರೋರ್ಗೆ ಮೋಸ ಮಾಡ್ಬೇಕಲ್ಲ."

ಹಿಂದಿನವರು ನಗುತ್ತಿದ್ದರು. ಸೆಟ್ಟರೂ ನಕ್ಕು ಒಂದು ಹಿಡಿ ಹಾಕುತ್ತಿದ್ದರು. ಹೀಗೆ ಪ್ರತಿ ಸಾಮಾನಿಗೂ. ಆಮೇಲೆ ಬಸ್ ಸ್ಟ್ಯಾಂಡಿಗೆ ಬಂದರೆ ಅಕ್ಕ, "ನೀನು ಬಸ್ ಅತ್ತಿ ಸೀಟ್ ಇಡ್ಕೊಂಡಿರಮ್ಮಿ, ಇಲ್ಲೇ ಬಂದೆ," ಎಂದು ಎಲ್ಲೋ ಹೋಗುತ್ತಿದ್ದಳು. ತಿರುಗಿ ಬಂದಾಗ ಸಣ್ಣ ಚೀಲ ಮಡಚಿ ಸೊಂಟ ಸೇರಿರುತ್ತಿತ್ತು.

ಈಗ ನಾನು ಮದುವೆಮನೆಗಳಲ್ಲಿ ಹೇಳುವ ಕತೆ. ನೆಂಟರು ಇದನ್ನು ಕೇಳಿ ಕೇಳಿ ಹೇಳಿಸುತ್ತಾರೆ. ಬಿ.ಎ. ಓದಿದ ಹೊಸ ಸೊಸೆ ಸೆಟ್ಟರ ಕಳ್ಳತನ ಹಿಡಿದ ಕತೆ. ನಮ್ಮ ಪಕ್ಕದ ಮನೆಯವರು ರೇಷ್ಮೆಹುಳು ಸಾಕುತ್ತಿದ್ದರು. ಗೂಡು ತೂಗುವ ತಕ್ಕಡಿ ಅವರಲ್ಲಿತ್ತು. ಅದನ್ನು ತಂದು, ಎಲ್ಲರೂ ಉಂಡು ಕುಳಿತಿದ್ದ ಮಧ್ಯಾಹ್ನ, ಸೆಟ್ಟರ ಒಂದು ಕಿಲೋ ತೊಗರಿಬೇಳೆಯನ್ನು ಮನೆಯವರ ಮುಂದೆ ತೂಗಿದೆ. ನೂರು ಗ್ರಾಂನಷ್ಟು ಕಡಿಮೆ ಬಂತು.

"ನೋಡಿ ಮಾವ," ಅಂದೆ. "ಕೊಸರು ಅಂತ ಕೊಡ್ತಾರಲ್ಲ, ಅದು ಸೆಟ್ರುದಲ್ಲ. ನಮ್ಮನೇದನ್ನೇ ಕಿತ್ಕೊಂಡು ನಮಗೇ ಧರ್ಮ ಮಾಡ್ದಂಗೆ ಕೊಡ್ತಾರೆ."

ಮಾವ ತೊಡೆ ತಟ್ಟಿ, "ಓದಿರೋರು ಓದಿರೋರೇ ಕಣಪ್ಪ," ಅಂದರು.

ಅಕ್ಕ ಎದ್ದು ಗೋಡೆಯ ಮೊಳೆಯಿಂದ ಸಾಮಾನಿನ ಚೀಲಗಳನ್ನು ತೆಗೆದು ನನ್ನ ಪಕ್ಕ ಇಟ್ಟಳು. "ಇನ್ಮೇಲೆ ನೀನೇ ಓಗಮ್ಮಿ. ನಂಗೂ ಮಂಡಿ ನೋವು," ಅಂದಳು. ಆಗ ಅವಳ ಮುಖ ಹೇಗಿತ್ತು? ಈ ಕತೆಯಲ್ಲಿ ನಾನು ಅದಕ್ಕೆ ಒಂದೊಂದು ಸಲ ಒಂದೊಂದು ಮುಖ ಕೊಟ್ಟಿದ್ದೇನೆ. ಪೆಚ್ಚು ಮುಖ ಕೊಟ್ಟರೆ ನೆಂಟರು ಹೆಚ್ಚು ನಗುತ್ತಾರೆ.

ಕತೆ ಅಲ್ಲಿಗೆ ಮುಗಿಯುತ್ತದೆ. ನಾನು ಹೇಳದೆ ಬಿಟ್ಟದ್ದು ಅದಕ್ಕಿಂತ ಮುಂಚಿನದು.

ತಕ್ಕಡಿ ತರುವ ಎರಡು ಮೂರು ವಾರ ಮೊದಲು, ಬಸ್ಸಿನಲ್ಲಿ ಸೀಟು ಹಿಡಿದು ಕುಳಿತಿದ್ದವಳು ಕಿಟಕಿಯಿಂದ ನೋಡಿದ್ದೆ. ಹನೂರಿನ ಬಸ್ಸು ನಿಲ್ಲುವ ಕಡೆ, ಕಲ್ಲುಬೆಂಚಿನ ಮೇಲೆ ಅಕ್ಕನ ಅಕ್ಕ ಕುಳಿತಿದ್ದಳು. ಮಾದಮ್ಮ. ಗಂಡ ಬಿಟ್ಟುಹೋದ ಮೇಲೆ ಮಧುವನಹಳ್ಳಿಯಲ್ಲಿ ಒಂಟಿಯಾಗಿ ಕೂಲಿ ಮಾಡಿಕೊಂಡಿದ್ದವಳು. ಒಂದು ಕಾಲು ಊನವಾಗಿದ್ದರಿಂದ ಕೂಲಿಗೂ ಎಲ್ಲರೂ ಕರೆಯುತ್ತಿರಲಿಲ್ಲ. ಆಕೆ ಸೆರಗು ಒಡ್ಡಿದಳು. ಅಕ್ಕ ಆ ಸಣ್ಣ ಚೀಲವನ್ನು ಅದರೊಳಕ್ಕೆ ಬೋರಲು ಹಾಕಿ, ತಳವನ್ನು ಎರಡು ಸಲ ಕೊಡವಿದಳು.

"ಮನೆ ಕಾಳು ಒಸ್ಲು ದಾಟ್ಬಾರ್ದು," ಎಂಬುದು ಅತ್ತೆಯ ಮಾತು. ಅಷ್ಟು ಬಾಯಿಗಳಿದ್ದ ಮನೆಯಲ್ಲಿ ಆ ಮಾತಿಗೆ ಕಾರಣವೂ ಇತ್ತು. ಅಕ್ಕ ಆ ಮಾತನ್ನು ಎಂದೂ ಮೀರಿರಲಿಲ್ಲ. ತೂಕಕ್ಕೆ ಬಿದ್ದದ್ದು ಮನೆಯದು, ತೂಕದ ಆಚೆಯದು ತಾನು ನಿಂತು ಸಂಪಾದಿಸಿದ್ದು. ಅದಕ್ಕೇ ಮೊದಲು ದೊಡ್ಡ ಚೀಲದ ಬಾಯಿ ಕಟ್ಟುತ್ತಿದ್ದದ್ದು. ಬಸ್ಸಿನಲ್ಲಿ ಕೂತೇ ನನಗೆ ಇದೆಲ್ಲ ಅರ್ಥವಾಗಿತ್ತು. ಆಮೇಲೆ ತಕ್ಕಡಿ ತಂದೆ.

ಯಾಕೆ ಎಂದು ಕೇಳುತ್ತೀರಿ. ಮನೆಯ ಉಳಿತಾಯಕ್ಕೆ ಎಂದು ಬಹಳ ವರ್ಷ ನಾನೂ ನಂಬಿದ್ದೆ. ನನಗೆ ಬೇಕಾಗಿದ್ದದ್ದು ಆ ಚೀಲಗಳು. ಹದಿನಾರು ತಟ್ಟೆ ತೊಳೆಯುವವಳಿಗೆ ವಾರದಲ್ಲಿ ಒಂದು ದಿನ ತಾನೇ ಬಸ್ಸು ಹತ್ತಿ, ತಾನೇ ಬೇಕು ಬೇಡ ಹೇಳಿ ಬರುವುದು ಸಣ್ಣ ಆಸೆಯಲ್ಲ.

ಚೀಲ ಸಿಕ್ಕ ಮೇಲೆ ನಾನು ಸೆಟ್ಟರ ಅಂಗಡಿ ಬಿಟ್ಟು, ಎಲ್ಲವನ್ನೂ ಪ್ಯಾಕೆಟ್ ಮಾಡಿ ಇಟ್ಟಿರುವ ಹೊಸ ಅಂಗಡಿಗೆ ಹೋದೆ. ಅದೇ ದುಡ್ಡಿಗೆ ಸಾಮಾನು ಹೆಚ್ಚು ಬಂತು. ಇದು ಸುಳ್ಳಲ್ಲ. ಮಕ್ಕಳಿಗೆ ವಾರದ ಕೊನೆಯಲ್ಲೂ ಸಾರಿನಲ್ಲಿ ಬೇಳೆ ಸಿಕ್ಕಿತು. ಅತ್ತೆ ಬೀದಿಯಲ್ಲೆಲ್ಲ ಹೊಗಳಿದರು. ನಾನು ಎಷ್ಟು ಉಬ್ಬಿದೆನೆಂದರೆ ಪಕ್ಕದ ಮನೆಯವರಿಗೂ ಸಾಮಾನು ಕೊಳ್ಳುವ ಬುದ್ಧಿ ಹೇಳತೊಡಗಿದೆ, ಕೇಳದಿದ್ದರೂ ಹೇಳುತ್ತಿದ್ದೆ.

ಮೂರನೆಯ ವಾರವೋ ನಾಲ್ಕನೆಯ ವಾರವೋ ಮಾದಮ್ಮ ಬೆಂಚಿನ ಮೇಲೆ ಸಿಕ್ಕಳು. ತಪ್ಪಿಸಿಕೊಂಡು ಹೋಗುವಷ್ಟು ಜಾಗವಿರಲಿಲ್ಲ.

"ಸಿದ್ದಿ ಬರ್ನಿಲ್ವಾ? ಉಸಾರಾಗವ್ಳಾ?"

"ಅಕ್ಕಂಗೆ ಮಂಡಿ ನೋವು. ಈಗ ನಾನೇ ಬರೋದು."

"ಓ. ಆಗ್ಲಿ ಬುಡು, ನೋವಿದ್ರೆ ಕುಂತಿರ್ಲಿ." ಸೆರಗು ಹೊದ್ದುಕೊಂಡು, "ನಾನೇನ್ ಅದುಕ್ಕೆ ಬಂದಿರ್ನಿಲ್ಲ ಕಣವ್ವ. ಸುಮ್ಕೆ ಇಂಗೇ ಬಂದೆ," ಅಂದಳು.

ನನ್ನ ಕಾಲ ಬಳಿ ಎರಡು ಚೀಲ ತುಂಬಾ ಸಾಮಾನಿತ್ತು. ಎಲ್ಲವೂ ಅಂಟಿಸಿ ಮುಚ್ಚಿದ ಪ್ಯಾಕೆಟ್ಟು. ಒಂದು ಹಿಡಿ ತೆಗೆದುಕೊಡಲು ಸಡಿಲವಾಗಿದ್ದದ್ದು ಒಂದೂ ಇರಲಿಲ್ಲ. ಒಡೆದರೆ ಮನೆಯಲ್ಲಿ ಹೇಳಬೇಕು. ಹೇಳಿದರೆ ಅಕ್ಕನದೂ ಹೊರಬೀಳುತ್ತದೆ. ಹೀಗೆ ಅಕ್ಕನನ್ನು ಕಾಪಾಡುವ ನೆಪದಲ್ಲಿ ನನ್ನ ಬಸ್ಸು ಬಂತೆಂದು ಹೇಳಿ ಹೊರಟೆ. ಬಸ್ಸು ಬಂದಿರಲಿಲ್ಲ. ಮನೆಯಲ್ಲಿ ಅಕ್ಕನಿಗೆ ಈ ವಿಷಯ ಹೇಳಲಿಲ್ಲ.

ಆ ಬೇಸಿಗೆ ಮಾದಮ್ಮ ತಮಿಳುನಾಡಿನ ಕಡೆ ಕಬ್ಬು ಕಡಿಯಲು ಹೋಗುವ ಗುಂಪಿಗೆ ಅಡಿಗೆ ಮಾಡಲೆಂದು ಹೋದಳು. ಅಲ್ಲೇ ಜ್ವರ ಬಂದು ತೀರಿಕೊಂಡಳಂತೆ. ಊರಿಗೆ ತಂದು ಮಣ್ಣು ಮಾಡಿದರು. ವಾರಕ್ಕೆ ನಾಲ್ಕಾರು ಹಿಡಿ ಕಾಳು ಯಾರ ಪ್ರಾಣವನ್ನೂ ಹಿಡಿದಿಡುವುದಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನಿಜವೂ ಇರಬಹುದು. ಅಕ್ಕ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಮುದ್ದೆಗೆ ಎಸರಿಟ್ಟಳು. ಆಮೇಲೆ ಆ ಹೆಸರು ಮನೆಯಲ್ಲಿ ಕೇಳಲಿಲ್ಲ.

ಮೊನ್ನೆ ಬೇಳೆ ತಂದ ದಿನ ಮನೆಗೆ ಬಂದಾಗ ಅಕ್ಕ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಈಗ ನಾವು ಹನ್ನೊಂದು ಜನ. ಎದುರು ಕುಳಿತು ನಾನೂ ಸುಲಿಯತೊಡಗಿದೆ. ಎಷ್ಟೋ ಹೊತ್ತಿನ ಮೇಲೆ, ಮುಂಚೆ ಯೋಚಿಸಿಕೊಳ್ಳದೆ, ಬಾಯಿಂದ ಬಂತು:

"ಅಕ್ಕ, ನೀನು ಮಾದಕ್ಕಂಗೆ ಕಾಳು ಕೊಡ್ತಿದ್ದದ್ದು ನಂಗೆ ಮೊದ್ಲೇ ಗೊತ್ತಿತ್ತು. ತಕ್ಕಡಿ ತರೋಕ್ ಮುಂಚೇನೇ. ಗೊತ್ತಿದ್ದೂ ಆ ಮಾತಾಡ್ದೆ."

ಅಕ್ಕ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದಳು.

"ಅದ್ ಬುಡು," ಅಂದಳು. "ತೂಕ ಕಮ್ಮಿ ಇದ್ದುದ್ದು ದಿಟ ತಾನೆ?"

ನಾನು ಇನ್ನೊಂದು ಕಾಯಿಗೆ ಕೈ ಹಾಕಿದೆ.

"ಯಾಕಂದ್ರೆ, ಅದು ದಿಟ ಆಗಿದ್ರೆ, ಅಷ್ಟ್ ವರ್ಸ ನಾನು ಈ ಮನೆ ಮಕ್ಳ ಬಾಯಿಂದ ಕಿತ್ತು ನಮ್ಮಕ್ಕಂಗೆ ಕೊಟ್ಟಂಗಾಯ್ತು. ಕದ್ದಂಗಾಯ್ತು. ಅವ್ಳ ಬಾಯಿಗೆ ಅಕ್ಕಿಕಾಳು ಆಕೋವಾಗ್ಲೂ ಅದೇ ನನ್ ತಲೇಲಿ ಇದ್ದುದ್ದು."

ನಾನು ಕ್ಷಮೆ ಕೇಳಲು ಬಾಯಿ ತೆರೆದವಳು. ಅದು ಅವಳಿಗೆ ಬೇಕಾಗಿರಲೇ ಇಲ್ಲ. ಇಷ್ಟು ವರ್ಷ ಅವಳು ಹೊತ್ತು ತಿರುಗಿದ್ದು ನನ್ನ ಮೇಲಿನ ಸಿಟ್ಟನ್ನಲ್ಲ. ಒಂದು ಕಿಲೋ ಬೇಳೆ ನಿಜವಾಗಿ ಎಷ್ಟಿತ್ತು ಎಂಬ ಪ್ರಶ್ನೆಯನ್ನು. ಅದಕ್ಕೆ ಉತ್ತರ ಕೊಡಬಲ್ಲವಳು ನಾನೊಬ್ಬಳೇ. ನಾನು ಆ ಮಧ್ಯಾಹ್ನಕ್ಕೆ ಹಿಂತಿರುಗಿ ಹೋಗಿ ಹುಡುಕಿದೆ. ತಕ್ಕಡಿ ಸಿಕ್ಕಿದ್ದು ಸಾಮಾನು ತಂದ ಮಾರನೆಯ ದಿನ. ಆ ಬೆಳಿಗ್ಗೆ ಸಾರಿಗೆ ಬೇಳೆ ಹಾಕಿದ್ದರು. ಹಳೆ ಡಬ್ಬಿಯ ಬೇಳೆಯೋ, ಹೊಸದೋ?

"ಒಂದೇ ಸಲ ತೂಗಿದ್ದು ಅಕ್ಕ," ಅಂದೆ. "ಅದೂ ಮಾರನೇ ದಿನ. ಬೆಳಿಗ್ಗೆ ಸಾರಿಗೆ ಅದ್ರಿಂದ್ಲೇ ತಗೊಂಡಿದ್ರೋ ಏನೋ. ನಂಗೊತ್ತಿಲ್ಲ."

"ಗೊತ್ತಿಲ್ವಾ?"

"ಗೊತ್ತಿಲ್ಲ."

ಇದು ನಿಜವಾದ ನೆನಪೋ, ಅವಳ ಮುಖ ನೋಡಿ ಆ ಗಳಿಗೆಯಲ್ಲಿ ಹುಟ್ಟಿದ್ದೋ, ನಿಮಗೆ ಹೇಳಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಎಲ್ಲರ ಮುಂದೆ ಅಷ್ಟು ಗಟ್ಟಿಯಾಗಿ ಹೇಳುವಷ್ಟು ನನಗೆ ಆವತ್ತೂ ಗೊತ್ತಿರಲಿಲ್ಲ.

ಅಕ್ಕ ಮತ್ತೆ ನಾಲ್ಕೈದು ಕಾಯಿ ಸುಲಿದಳು. ಮಾತು ಮುಗಿಯಿತೆಂದುಕೊಂಡೆ. ಆಮೇಲೆ, ನನ್ನನ್ನು ನೋಡದೆ, ಮೊರದಲ್ಲಿದ್ದ ಕಾಳಿಗೆ ಹೇಳುವವಳಂತೆ ಅಂದಳು:

"ಎಲ್ಲಾ ಕಾಳೂ ಆ ಕೊಸ್ರು ಚೀಲ್ದಲ್ಲಿ ಬೆರ್ತೋಗಿರದು. ಬ್ಯಾರೆ ಬ್ಯಾರೆ ಮಾಡ್ಕೊಂಡು ಬೇಯ್ಸೆ ಅಂದ್ರೆ ನಮ್ಮಕ್ಕ ಕೇಳ್ತಿರ್ನಿಲ್ಲ. ಒಟ್ಗೇ ಎಸರಿಗೆ ಆಕ್ಬುಡೋಳು. ಬೇಳೆ ಕರಗಿ ನೀರಾಗೋಗದು, ಉರ್ಳಿಕಾಳು ಮಾತ್ರ ಕಲ್ಲಿದ್ದಂಗಿರದು. ಅಗಿಯಾಕೆ ಬಾಯಲ್ಲಿ ಒಂದ್ ಅಲ್ಲೂ ಇರ್ನಿಲ್ಲ. ನಗ್ನಗ್ತಾ ಅಂಗೇ ನುಂಗೋಳು."