ಶಶಿಗೆ ಬಂದ ಫೋನ್

ಶಶೀ, ಆ ಸ್ಟುಡಿಯೋದವರು ಕರೆದದ್ದು ನಿನ್ನನ್ನು, ನನ್ನನ್ನಲ್ಲ. ನಿನಗೆ ಬಂದ ಫೋನಿನ ವಿಷಯ ಮುಚ್ಚಿಟ್ಟು, ನಿನ್ನ ಜಾಗದಲ್ಲಿ ಹೋಗಿ ಹಾಡಿದವಳು ನಾನು.

ಕುಂಬಳೆಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಆರ್ಕೆಸ್ಟ್ರಾದಲ್ಲಿ ಇಬ್ಬರೂ ಒಂದೇ ಮೈಕ್ ಹಿಡಿದು ಹಾಡುತ್ತಿದ್ದೆವು. ಹಾಡಿದರೆ ಜೊತೆಯಾಗಿ, ಇಲ್ಲವಾದರೆ ಇಲ್ಲವೇ ಇಲ್ಲ — ಹಾಗೆಂದು ಮಾತು ಕೊಟ್ಟುಕೊಂಡಿದ್ದೆವು. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಿನ್ನ ಮನೆಯಲ್ಲಂತೂ ಫೋನೇ ಇರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಮನೆಯ ಫೋನ್ ಬಡಿದುಕೊಂಡಿತು. ಮಂಗಳೂರಿನ ಸ್ಟುಡಿಯೋದಿಂದ. ಕಳೆದ ವಾರ ಸ್ವರ ಪರೀಕ್ಷೆಗೆ ಬಂದಿದ್ದ ಶಶಿಕಲಾ ಪಾಪ್ ಆಲ್ಬಮಿಗೆ ಆಯ್ಕೆಯಾಗಿದ್ದಾರೆ, ಶುಕ್ರವಾರ ಕಳಿಸಿ ಎಂದರು. ಕಳೆದ ವಾರ! ನನಗೆ ಹೇಳದೆ ನೀನೊಬ್ಬಳೇ ಹೋಗಿದ್ದೆ.

"ಅವಳಿಗೆ ಮದುವೆ ನಿಶ್ಚಯ ಆಗಿದೆ. ಇನ್ನು ಹಾಡುವುದಿಲ್ಲವಂತೆ," ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಿಟ್ಟು ಎನ್ನಬಹುದಿತ್ತೇನೋ. ಆದರೆ ಮುಂದುವರಿದು, "ನಾನೂ ಹಾಡುತ್ತೇನೆ ಸರ್," ಎಂದೆನಲ್ಲ — ಅದಕ್ಕೆ ಯಾವ ಹೆಸರು?

ಅಂದು ಸಂಜೆ ನೀನು ಬಂದೆ. "ನನಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ಇಲ್ವಲ್ಲ. ಯಾರು ಮಾಡ್ಲಿಕ್ಕಿತ್ತು?"

"ಎಂತ ಇಲ್ಲ, ಸುಮ್ಮನೆ ಕೇಳಿದ್ದು."

ಆಗಲಾದರೂ ನೀನು ಬಾಯಿಬಿಡಬಹುದೆಂದು ಕಾದೆ. ಬಿಡಲಿಲ್ಲ. ಇವಳು ಮೋಸಗಾತಿಯೇ ಎಂದು ಮನಸ್ಸು ಕಲ್ಲು ಮಾಡಿಕೊಂಡೆ. ನನ್ನಿಂದ ಮುಚ್ಚಿಡುವ ಮನಸ್ಸಿದ್ದವಳು ನಮ್ಮ ಮನೆಯ ನಂಬರನ್ನೇಕೆ ಕೊಡುತ್ತಿದ್ದಳು — ಈ ಪ್ರಶ್ನೆ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಥವಾ ಆಗಲೇ ಹೊಳೆದಿತ್ತೋ, ನಾನೇ ಅದನ್ನು ಒಳಗೆ ತಳ್ಳಿದೆನೋ...

ಶುಕ್ರವಾರ ನಾನೇ ಹೋಗಿ ಹಾಡಿದೆ. ಆಲ್ಬಮ್ ಗೆದ್ದಿತು. ಬಸ್ಸುಗಳಲ್ಲಿ, ಮದುವೆ ಹಾಲ್‌ಗಳಲ್ಲಿ ನನ್ನ ಸ್ವರ. ಕುಣಿಯುತ್ತಾ ಹಾಡುವ ಹುಡುಗಿ ಎಂದು ಗಲ್ಫಿನವರೆಗೂ ಕರೆಸಿಕೊಂಡರು. ಆಮೇಲೆ ಸಿಡಿ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಕರೆಯುವವರೂ ಕಡಿಮೆಯಾದರು. ಕುಣಿದು ಪಳಗಿದ ಮೈಯೊಂದು ಉಳಿದಿತ್ತು. ತರಬೇತಿ ಪಡೆದು, ಕಾಸರಗೋಡಿನ ಜಿಮ್ಮೊಂದರಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸತೊಡಗಿದೆ.

ಕಳೆದ ತಿಂಗಳು ಅಲ್ಲಿಗೇ ನೀನು ಬಂದೆ. ಶುಗರ್ ಉಂಟು, ಮೈ ಇಳಿಸಬೇಕೆಂದು ಡಾಕ್ಟರ್ ಹೇಳಿದ್ದಾರೆ ಎಂದೆ. ಪಾಠ ಮುಗಿದ ಮೇಲೆ, ಬೆವರು ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದೆ:

"ನಿನ್ನ ಹತ್ರ ಒಂದು ಹೇಳ್ಲಿಕ್ಕುಂಟು ಮಾರಾಯ್ತಿ. ಆ ಸ್ಟುಡಿಯೋಕ್ಕೆ ಮೊದಲು ನಾನೇ ಹೋಗಿದ್ದೆ. ನಿನಗೆ ಹೇಳ್ಲಿಲ್ಲ. ಆಗದಿದ್ರೆ ನಾಚಿಕೆ ಅಂತ. ಆಯ್ಕೆ ಆದ್ರೆ ನಿನ್ನನ್ನೂ ಸೇರಿಸ್ಲಿಕ್ಕೆ ಅವರ ಹತ್ರ ಕೇಳುವ ಅಂತ ಇದ್ದೆ. ಅವರು ಕರೀಲೇ ಇಲ್ಲ. ನನ್ನ ಸ್ವರವೇ ಸರಿ ಇಲ್ಲ ಅಂತ ಆವತ್ತೇ ಬಿಟ್ಟೆ. ಮಕ್ಕಳನ್ನು ಮಲಗಿಸ್ಲಿಕ್ಕೂ ಹಾಡ್ಲಿಲ್ಲ. ನಾನು ಮಾಡಿದ್ದು ತಪ್ಪಲ್ವಾ? ಬೇಜಾರು ಮಾಡ್ಬೇಡ."

ಆಗ ನಾನೇನು ಮಾಡಿದೆ ಗೊತ್ತೇ ಶಶೀ? ನಿನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡು, ಹಳೇದು," ಎಂದೆ. ನಿನ್ನನ್ನು ಕ್ಷಮಿಸಿದೆ — ನಾನು, ನಿನ್ನನ್ನು! ನೀನು ಹಗುರಾಗಿ ನಕ್ಕು ಮನೆಗೆ ಹೋದೆ.

ಫೋನಿನಲ್ಲಿ ಆಡಿದ ಸುಳ್ಳಿಗಿಂತ ಆ "ಹೋಗ್ಲಿ ಬಿಡು" ನನ್ನನ್ನು ಹೆಚ್ಚು ಸುಡುತ್ತಿದೆ. ನನಗೆ ದ್ರೋಹವಾಯಿತೆಂದು ಇಷ್ಟು ಕಾಲ ನೊಂದುಕೊಂಡೆ. ದ್ರೋಹವಾದದ್ದು ನಿನಗೆ, ಅದು ನಿನಗೆ ತಿಳಿದೇ ಇಲ್ಲ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಬರೆದದ್ದೆಲ್ಲ ನಿನ್ನ ಎದುರು ಕೂತು, ನಿನ್ನ ಮಕ್ಕಳಿಗೂ ಕೇಳುವ ಹಾಗೆ ಹೇಳುತ್ತೇನೆ. ಅವರ ಅಮ್ಮನ ಸ್ವರ ಚೆನ್ನಾಗಿತ್ತೆಂದು ಅವರಿಗೆ ಗೊತ್ತಾಗಬೇಕು. ಕ್ಷಮಿಸು ಎಂದು ಕೇಳುವುದಿಲ್ಲ.