ಹುಲ್ಲಿನ ಲಾರಿಯ ಮೇಲಿನ ಗಳ

ಗಂಗಾವತಿಯಿಂದ ತಾವರಗೇರಾ ಕಡೆಗೆ ಹೋಗುವ ರಸ್ತೆಯಲ್ಲಿ ಲಾರಿ ತೂಗುವ ಕಾಟಾ ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟೊಂದು ಭಾರ ದಿನಾ ಕಣ್ಣಮುಂದೆ ಹಾದುಹೋದರೂ ಅಲುಗಾಡದ ಗಂಡಸು ಎಂದು ಹೆಂಡತಿ ಮೊದಮೊದಲು ನಂಬಿದ್ದಳು. ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ಎದ್ದು ನೋಡುವವನು ನಾನೆಂದು ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಲಾರಿಯವರಿಗೆ ಕಾಯ್ದೆ ಎಂದರೆ ತೂಕ. ಅಗಲಕ್ಕೂ ಎತ್ತರಕ್ಕೂ ಮಿತಿಯಿದೆ ಎಂದರೆ ನಗುತ್ತಾರೆ. ಕಾಟಾದ ಚೀಟಿ ಸರಿಯಿದ್ದರೆ ಗಾಡಿ ಪಾಸಾದಂತೆ. ಭತ್ತದ ಹುಲ್ಲು ಹಗುರ. ಎಷ್ಟು ಒಟ್ಟಿದರೂ ತೂಕ ಮೀರುವುದಿಲ್ಲ. ಹಾಗಾಗಿ ಎರಡೂ ಬದಿ ಹೊಟ್ಟೆ ಬಿಟ್ಟು, ಮಾಳಿಗೆಯೆತ್ತರ ಒಟ್ಟಿಕೊಂಡ ಲಾರಿಗಳು ಬರುತ್ತವೆ. ನೆತ್ತಿಯ ಮೇಲೊಬ್ಬ ಬಿದಿರಿನ ಗಳ ಹಿಡಿದು ಕೂತಿರುತ್ತಾನೆ. ಊರೊಳಗೆ ರಸ್ತೆಗೆ ಅಡ್ಡ ಬಂದ ಕರೆಂಟಿನ ತಂತಿಯನ್ನು ಗಳದಿಂದ ಎತ್ತಿ ಲಾರಿ ದಾಟಿಸುವುದು ಅವನ ಕೆಲಸ.

ಹೋದ ವರ್ಷದ ಸುಗ್ಗಿಯಲ್ಲಿ ಹಾಗೆ ಕೂತವನು ನನ್ನ ಹೆಂಡತಿಯ ತಮ್ಮ.

"ಎರಡು ಸಾಲು ಇಳಸೋ. ಎತ್ತರಕ್ಕೂ ಕಾಯ್ದೆ ಐತಿ," ಎಂದೆ.

"ನಿಮ್ಮ ಕಾಟಾಕ್ಕ ಎತ್ತರ ಕಾಣಸಂಗಿಲ್ಲ ಮಾಮಾ. ಮತ್ತ ನಿಮಗ್ಯಾಕ ಕಾಣಸ್ತೈತ್ರಿ? ಒಣ ಬಿದಿರಿನ್ಯಾಗ ಕರೆಂಟ್ ಹರಿಯಂಗಿಲ್ಲ."

ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಅಣ್ಣಾರ್ನ ಒಮ್ಮಿ ಕಾಟಾದ ಮ್ಯಾಲೆ ನಿಲ್ಲಸಬೇಕು ನೋಡು. ಬರೇ ಅಂಜಿಕಿನ ಒಂದು ಟನ್ ಬರತೈತಿ!"

ಆ ಬೆಳಿಗ್ಗೆ ಅಕಾಲದ ಮಳೆ ಬಿದ್ದಿತ್ತು. ಹುಲ್ಲಿಗೆ ತಾಡಪತ್ರಿ ಹೊದಿಸಿದ್ದರು. ಗಳವನ್ನು ನನ್ನ ಕೋಣೆಯ ಹೊರಗೋಡೆಗೆ ಒರಗಿಸಿ ಇಬ್ಬರೂ ಚಹಾ ಕುಡಿದರು. ಸೂರಿನ ತಗಡಿನಿಂದ ನೀರು ಸೋರುತ್ತಿತ್ತು. ಪ್ರಿಂಟರಿಗೆ ಹನಿ ಸಿಡಿದೀತೆಂದು ನಾನು ಅದಕ್ಕೆ ಟವೆಲ್ ಹೊದಿಸುತ್ತಿದ್ದೆ. ಚೀಟಿ ಕೊಟ್ಟೆ. ಹೊರಟರು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದವನು ಗೋಡೆ ನೋಡಿದೆ. ಗಳ ಒರಗಿದ್ದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಒದ್ದೆ ಗೆರೆ. ತಗಡಿನ ನೀರೆಲ್ಲ ಗಳದ ಗುಂಟ ಇಳಿದಿತ್ತು. ಜಗತ್ತಿನ ಎಲ್ಲದಕ್ಕೂ ಅಂಜಿದ ನಾನು, ಅಂಜಬೇಕಾದ ಒಂದೇ ಒಂದನ್ನು ಬಿಟ್ಟಿದ್ದೆ.

ಭಾವಮೈದುನ ಫೋನ್ ಎತ್ತಲಿಲ್ಲ. ಡ್ರೈವರ್ ಎತ್ತಿದ. "ಗಳ ತೊಯ್ದೈತಿ, ಅವನ್ನ ಕೆಳಗ ಇಳಸು!" ಎಂದು ಕೂಗಿದೆ.

"ಶುರು ಆತೇನ್ರಿ ಅಣ್ಣಾರ ನಿಮ್ದು?" ನಗುತ್ತಲೇ ಕಟ್ ಮಾಡಿದ.

ಮುಂದಿನ ಊರು ದೂರವಿರಲಿಲ್ಲ. ಅಲ್ಲಿಯ ತಂತಿ ಜೋತುಬಿದ್ದದ್ದು ನನಗೆ ಗೊತ್ತಿತ್ತು. ಮತ್ತೆ ಫೋನ್ ಹಚ್ಚಿದೆ. ಈ ಸಲ ತೂಕ ಓದಿ ಹೇಳುವ ದನಿಯಲ್ಲಿ ಮಾತಾಡಿದೆ.

"ಕಾಟಾದ ಗುಂಡ್ಯಾಗ ಮಳಿ ನೀರು ನಿಂತೈತಿ. ತೂಕ ಕಡಿಮಿ ತೋರಿಸೇತಿ. ಹುಲ್ಲೂ ನೀರು ಕುಡದು ಭಾರ ಆಗೈತಿ. ನಿನ್ನ ಗಾಡಿ ಓವರ್‌ಲೋಡ್ ಐತಿ. ಮುಂದ ಸಾಹೇಬ್ರು ಚೆಕ್ ಮಾಡಾಕ ನಿಂತಾರಂತ."

ನಗು ನಿಂತಿತು. "ಎಷ್ಟು ಜಾಸ್ತಿ ಐತ್ರಿ?"

"ಮ್ಯಾಲಿನ ಮೂರು ಸಾಲು ಇಳಸ್ರಿ. ಸರಿ ಆಗತೈತಿ."

ಫೋನಿನಲ್ಲೇ ಬ್ರೇಕಿನ ಕಿರುಚು ಕೇಳಿಸಿತು. ಈ ಕುರ್ಚಿಯಲ್ಲಿ ಕೂತ ಇಷ್ಟು ವರ್ಷದಲ್ಲಿ ನಾನು ಒಂದು ಕಿಲೋ ಸುಳ್ಳು ಹೇಳಿರಲಿಲ್ಲ.

ಬೈಕಿನಲ್ಲಿ ಹೋಗಿ ನೋಡಿದರೆ ಲಾರಿ ಊರಿನ ಹೊರಗೇ ನಿಂತಿತ್ತು. ಇಳಿಸಿದ ಹುಲ್ಲಿನ ಮೇಲೆ ಭಾವಮೈದುನ ಮುಖ ಗಂಟಿಕ್ಕಿ ಕೂತಿದ್ದ. ತೊಡೆಯ ಮೇಲೆ ಗಳ. ಮುಟ್ಟಿದೆ. ತುದಿಯವರೆಗೂ ತಣ್ಣಗೆ, ಒದ್ದೆ.

"ಇನ್ನ ಗಳ ಬ್ಯಾಡ. ಕ್ಯಾಬಿನ್‌ನ್ಯಾಗ ಕೂಡು," ಎಂದೆ. ಲಾರಿ ತಂತಿಯ ಕೆಳಗೆ ಹಾಯ್ದುಹೋಯಿತು. ನಡುವೆ ಒಂದು ಮೊಳ ಜಾಗ ಉಳಿದಿತ್ತು.

ಮಳೆ ಬಂದರೆ ನಮ್ಮ ಕಾಟಾ ಸುಳ್ಳು ತೋರಿಸುತ್ತದೆ ಎಂದು ಈಗ ಗಂಗಾವತಿಯ ತುಂಬ ಸುದ್ದಿ. ಮಾಲೀಕರು ಎರಡು ಸಲ ಮೆಕ್ಯಾನಿಕ್‌ನನ್ನು ಕರೆಸಿದರು. ಅವನಿಗೆ ದೋಷ ಸಿಗಲಿಲ್ಲ. ಮೂರನೆಯ ಸಲ ನನ್ನನ್ನೇ ರಿಪೇರಿಗೆ ಕಳಿಸುತ್ತಾರೇನೋ ಎಂಬ ಭಯವಿದೆ.

ಭಾವಮೈದುನ ಮಾತ್ರ ಈಗಲೂ ಮೂರು ಸಾಲು ಕಡಿಮೆ ಒಟ್ಟಿಸಿಕೊಂಡೇ ಬರುತ್ತಾನೆ. "ನಿಮ್ಮ ಕಾಟಾ ನಂಬಾಕ ಬರಂಗಿಲ್ಲ ಮಾಮಾ," ಎನ್ನುತ್ತಾನೆ.

"ಹೌದಪಾ, ನಂಬಬ್ಯಾಡ," ಎಂದು ಅವನ ಖಾಲಿ ಕೈಗೆ ಚೀಟಿ ಕೊಡುತ್ತೇನೆ.